ಓಇಟಿ ಬರೆಯುವ ನರ್ಸ್‌ಗಳಿಗೆ: ಪತ್ರ ಮತ್ತು ರೋಲ್ ಪ್ಲೇ

ಹಾಸನದಿಂದ ಬ್ರಿಟನ್‌ಗೆ ಹೊರಟವರೇ, ಗ್ರಾಮರ್ ಪುಸ್ತಕ ಸ್ವಲ್ಪ ಬದಿಗಿಡಿ. ಓಇಟಿ ಅಂದ್ರೆ ಆರೋಗ್ಯ ಸಿಬ್ಬಂದಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ. ಅಲ್ಲಿನ ನರ್ಸಿಂಗ್ ನೋಂದಣಿಗೆ ಇದರ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ನಲ್ಲಿ 350 ಅಂಕ, ರೈಟಿಂಗ್‌ನಲ್ಲಿ 300 ಅಂಕ ಬೇಕು. ರೈಟಿಂಗ್‌ಗೆ ಕಡಿಮೆ ಕೇಳ್ತಾರೆ ಅಂತ ಅದನ್ನು ಕೊನೆಗೆ ತಳ್ಳಬೇಡಿ.

ರೈಟಿಂಗ್‌ನಲ್ಲಿ ರೋಗಿಯ ಬಗ್ಗೆ ಒಂದು ಪತ್ರ ಬರೆಯಬೇಕು, ಸಮಯ 45 ನಿಮಿಷ. ಮೊದಲ 5 ನಿಮಿಷ ಓದೋದು ಮಾತ್ರ, ಪೆನ್ನು ಮುಟ್ಟುವಂತಿಲ್ಲ. ಆಗ ಕೇಸ್ ನೋಟ್ಸ್‌ಗಿಂತ (ರೋಗಿಯ ಬಗ್ಗೆ ಕೊಟ್ಟಿರುವ ಟಿಪ್ಪಣಿ) ಮೊದಲು ಕೆಳಗಿನ ಪ್ರಶ್ನೆ ನೋಡಿ: ಪತ್ರ ಯಾರಿಗೆ, ಯಾಕೆ? ಫಿಸಿಯೋಥೆರಪಿಸ್ಟ್‌ಗೆ ಬರೆಯುವಾಗ ಇಪ್ಪತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಸಾಮಾನ್ಯವಾಗಿ ಬೇಡ. ರೋಗಿ ಈಗ ಎಷ್ಟು ದೂರ ನಡೀತಾರೆ ಅನ್ನೋದು ಬೇಕು. ಎಲ್ಲರೂ ಎಡವೋದು ಇಲ್ಲೇ. ಕೇಸ್ ಶೀಟ್ ಇಡೀ ನಕಲು ಮಾಡಿದರೆ ಅಂಕ ಕಡಿತ. ಪತ್ರದ ಉದ್ದೇಶ ಮೊದಲ ಪ್ಯಾರಾದಲ್ಲೇ ಬರಲಿ, ಒಡಲು ಸುಮಾರು 180ರಿಂದ 200 ಪದ ಇರಲಿ.

ಸ್ಪೀಕಿಂಗ್‌ನಲ್ಲಿ ಎರಡು ರೋಲ್ ಪ್ಲೇ, ಅಂದ್ರೆ ನೀವು ನರ್ಸ್ ಆಗಿ ರೋಗಿಯ ಪಾತ್ರದವರ ಜೊತೆ ಮಾತಾಡೋದು. ಪ್ರತಿಯೊಂದಕ್ಕೂ 3 ನಿಮಿಷ ತಯಾರಿ, ಸುಮಾರು 5 ನಿಮಿಷ ಮಾತು. ನಮ್ಮ ವಾರ್ಡ್‌ಗಳಲ್ಲಿ "ಏನೂ ಆಗಲ್ಲ ಬಿಡಿ ಅಜ್ಜಿ" ಅಂದು ಮುಂದಿನ ಬೆಡ್‌ಗೆ ಹೋಗ್ತೀವಲ್ಲ, ಅದು ಅಲ್ಲಿ ನಡೆಯಲ್ಲ. ಭಯ ಯಾಕೆ ಅಂತ ಕೇಳಿ, ಉತ್ತರಕ್ಕೆ ಕಾಯಿರಿ, ಆಮೇಲೆ ವಿವರಿಸಿ. ಒಂದೊಂದು ವಿಷಯ ಹೇಳಿ, ಅರ್ಥವಾಯಿತಾ ಅಂತ ವಿಚಾರಿಸಿ. ಹಾಸ್ಟೆಲ್ ರೂಂಮೇಟ್‌ನ ರೋಗಿ ಮಾಡಿಕೊಂಡು ಫೋನಲ್ಲಿ ರೆಕಾರ್ಡ್ ಮಾಡಿ.

ರೀಡಿಂಗ್ ಎ ಭಾಗಕ್ಕೆ 15 ನಿಮಿಷ, 20 ಪ್ರಶ್ನೆ. ಪೂರ್ತಿ ಓದಬೇಡಿ, ಹುಡುಕಿ. ಉತ್ತರದ ಪದವನ್ನು ಪಠ್ಯದಲ್ಲಿರುವ ಸ್ಪೆಲಿಂಗ್‌ನಲ್ಲೇ ಬರೆಯಿರಿ. ಲಿಸನಿಂಗ್ ಆಡಿಯೋ ಒಂದೇ ಸಲ, ಹಾಗಾಗಿ ಮನೇಲೂ ಹಿಂದಕ್ಕೆ ಓಡಿಸದೆ ಕೇಳಿ.