ಜೇಬು ಹೊಲಿಯುತ್ತಿದ್ದ ಕೈಗೆ ಜಾಕೆಟ್ ಸಿಕ್ಕಾಗ

11 ವರ್ಷ ನಾನು ಜೇಬು ಮಾತ್ರ ಹೊಲಿದೆ.

ಬಳ್ಳಾರಿಯಲ್ಲಿ ಜೀನ್ಸ್ ಕೆಲಸ ಹೇಗೆ ನಡೆಯುತ್ತದೆ ಅಂತ ನಮ್ಮೂರಿನವರಿಗೆ ಗೊತ್ತು. ಕಟಿಂಗ್ ಮಾಡುವವರು ಬೇರೆ, ಜಿಪ್ ಕೂರಿಸುವವರು ಬೇರೆ. ಸೊಂಟದ ಪಟ್ಟಿ ಒಬ್ಬರದು, ಗುಂಡಿ ತೂರಿಸುವ ಕಾಜಾ ಇನ್ನೊಬ್ಬರದು. ದಾರ ಕತ್ತರಿಸುವ ಕೆಲಸಕ್ಕೂ ಬೇರೆ ಜನ. ಕೊನೆಗೆ ವಾಷಿಂಗ್. ನನ್ನ ಪಾಲಿಗೆ ಬಂದದ್ದು ಪ್ಯಾಂಟಿನ ಹಿಂದಿನ ಜೇಬು. ಕತ್ತರಿಸಿದ ತುಂಡುಗಳನ್ನು ಗಂಟು ಕಟ್ಟಿ ಮನೆಗೆ ತಂದು ಹಾಕುತ್ತಿದ್ದರು. ಐದು ಮೂಲೆಯ ಆ ತುಂಡನ್ನು ಮಡಚಿ, ಎರಡು ಸಾಲು ಹೊಲಿಗೆ ಹಾಕಿ ಕೊಡುತ್ತಿದ್ದೆ. ಕಣ್ಣು ಮುಚ್ಚಿ ಹೊಲಿಯುವಷ್ಟು ರೂಢಿಯಾಗಿತ್ತು. ಆದರೆ ಒಂದು ಪೂರ್ತಿ ಬಟ್ಟೆ ಹೊಲಿಯಲು ನನಗೆ ಬರುತ್ತಿರಲಿಲ್ಲ. ಮನೆಯಲ್ಲಿ ಮಿಷನ್ ಇದ್ದೂ ನನ್ನ ಕುಪ್ಪಸವನ್ನು ಹೊರಗೆ ಕೊಟ್ಟು ಹೊಲಿಸುತ್ತಿದ್ದೆ. ಅದು ಮನಸ್ಸಿಗೆ ಚುಚ್ಚುತ್ತಿತ್ತು.

2020ರ ಲಾಕ್‌ಡೌನ್‌ನಲ್ಲಿ ಗಂಟು ಬರುವುದು ನಿಂತಿತು. ಮಿಷನ್ ಸುಮ್ನೆ ಕೂತಿತ್ತು. ಆಗ ಟ್ರಂಕಿನಿಂದ ಅಣ್ಣನ ಹಳೆಯ ಜೀನ್ಸ್ ಜಾಕೆಟ್ ತೆಗೆದೆ. ಒಂದು ಮೊಣಕೈ ಹರಿದಿತ್ತು, ಅಣ್ಣನಿಗೆ ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ನಮ್ಮೂರ ಬಿಸಿಲಿಗೆ ಜಾಕೆಟ್ ಹಾಕುವ ದಿನಗಳೇ ಕಡಿಮೆ ಅಲ್ವಾ? ಹಾಗಾಗಿ ಬಳ್ಳಾರಿಯ ಮನೆಗಳಲ್ಲಿ ಜಾಕೆಟ್‌ಗಳು ಹರಿಯುವುದಕ್ಕಿಂತ ಟ್ರಂಕಿನಲ್ಲಿ ಮುದುಡಿ ಕೂರುವುದೇ ಜಾಸ್ತಿ.

ಕತ್ತರಿ ಹಿಡಿದಾಗ ಅವ್ವ ಬಂದಳು. "ಅದನ್ಯಾಕ ಕತ್ತರಿಸ್ತಿಯವ್ವಾ? ಮೊದಲು ಬಿಚ್ಚಿ ನೋಡು, ಒಳಗ ಏನೈತಿ ಅಂತ."

ಅವ್ವನಿಗೆ ಮಿಷನ್ ಹೊಲಿಗೆ ಬರುವುದಿಲ್ಲ. ಆದರೆ ಕೌದಿ ಹೊಲಿದ ಕೈ ಅದು, ಹಳೆಯ ಬಟ್ಟೆಯ ಸ್ವಭಾವ ಅವಳಿಗೆ ಗೊತ್ತು. ಅವಳ ಆ ಮಾತನ್ನು ಅವತ್ತು ಕೇಳಿದ್ದಕ್ಕೆ ಇವತ್ತು ನನಗೆ ಈ ಕೆಲಸ ಬರುತ್ತದೆ.

ಮೂರು ದಿನ ಬರೀ ಬಿಚ್ಚಿದೆ. ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಸಾದಾ ಹೊಲಿಗೆಯಾದರೆ ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದು ಸಲ ದಾರ ಕತ್ತರಿಸುತ್ತಾ ಹೋಗಬೇಕು. ಆಮೇಲೆ ಇನ್ನೊಂದು ಬದಿಯ ದಾರ ಹಿಡಿದು ಎಳೆದರೆ ಉದ್ದಕ್ಕೂ ಬರುತ್ತದೆ. ಬಟ್ಟೆಗೆ ಗಾಯವಾಗುವುದಿಲ್ಲ. ಜೀನ್ಸಿನಲ್ಲಿ ಕೆಲವು ಕಡೆ ಚೈನ್ ಹೊಲಿಗೆ ಇರುತ್ತದೆ. ಒಳಬದಿಯಲ್ಲಿ ಸರಪಳಿಯ ಹಾಗೆ ಕಾಣುತ್ತದೆ. ಅದರ ಸರಿಯಾದ ತುದಿ ಸಿಕ್ಕಿ ಎಳೆದರೆ ಒಂದೇ ಉಸಿರಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿ ಹಿಡಿದರೆ ಗಂಟು ಬಿಗಿಯುತ್ತದೆ. ಆಗ ಹಟ ಮಾಡದೆ ಇನ್ನೊಂದು ತುದಿಯಿಂದ ಶುರು ಮಾಡಬೇಕು. ಬ್ಲೇಡ್ ಮಾತ್ರ ಬೇಡ. ನಾನು ಬ್ಲೇಡಿನಲ್ಲಿ ಬಿಚ್ಚಲು ಹೋಗಿ ಕಾಲರಿನ ಪಕ್ಕ ಅರ್ಧ ಇಂಚು ಕೊಯ್ದೆ. ಆ ತುಂಡು ಯಾವುದಕ್ಕೂ ಬರಲಿಲ್ಲ. ಹೊಲಿಗೆ ಬಿಚ್ಚುವ ಚಿಕ್ಕ ಕವಲು ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಕೊಂಡುಕೊಳ್ಳಿ.

ಬಿಚ್ಚಿದ ತುಂಡುಗಳನ್ನು ನೆಲದ ಮೇಲೆ ಹರಡಿದಾಗ ನನಗೆ ಅಚ್ಚರಿಯಾಯಿತು. ಇಷ್ಟು ವರ್ಷ ನಾನು ನೋಡಿದ್ದು ಒಂದು ತುಂಡನ್ನು ಮಾತ್ರ. ಇಲ್ಲಿ ಎಲ್ಲ ತುಂಡುಗಳೂ ಒಟ್ಟಿಗೆ ಇದ್ದವು. ತೋಳಿನ ತುದಿ ಯಾಕೆ ಅರ್ಧಚಂದ್ರದ ಹಾಗೆ ಇರುತ್ತದೆ, ಕಂಕುಳಿನ ಕೆಳಗೆ ಯಾಕೆ ಜೋಡಣೆ ಬರುತ್ತದೆ, ಬೆನ್ನಿನ ಭಾಗ ಯಾಕೆ ಎದೆಯ ಭಾಗಕ್ಕಿಂತ ಬೇರೆ ಅಂತ ಆ ನೆಲದ ಮೇಲೆಯೇ ತಿಳಿಯಿತು. ಪ್ರತಿ ತುಂಡಿನ ಹಿಂದೆ ಚಾಕ್‌ನಿಂದ ಬರೆದೆ: ಎಡ ಎದೆ, ಬಲ ಎದೆ, ಬೆನ್ನು ನಡು. ಮೇಲೆ ಯಾವುದು, ಕೆಳಗೆ ಯಾವುದು ಅಂತ ಬಾಣದ ಗುರುತು ಹಾಕಿದೆ. ಈ ಗುರುತು ಹಾಕದಿದ್ದರೆ ಮರುದಿನ ಬೆಳಿಗ್ಗೆ ಎಲ್ಲ ತುಂಡೂ ಒಂದೇ ಥರ ಕಾಣುತ್ತವೆ.

ಇನ್ನೊಂದು ಕಂಡೆ. ಹೊಲಿಗೆಯ ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಹೊಚ್ಚ ಹೊಸದರ ಹಾಗೆ ಕಡುನೀಲಿಯಾಗಿತ್ತು. ಹೊರಗಿನದು ಬಿಳಿಚಿಕೊಂಡಿತ್ತು. ಡೆನಿಮ್ ನೇಯುವಾಗ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ ಹಾಕಿರುತ್ತಾರೆ, ಹೊಕ್ಕಿನ ನೂಲು ಬಿಳಿ. ಆ ನೀಲಿಯೂ ನೂಲಿನ ಒಳತಿರುಳಿಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂರುತ್ತದೆ. ಉಜ್ಜಿದಷ್ಟೂ ಒಳಗಿನ ಬಿಳಿ ಹೊರಗೆ ಬರುತ್ತದೆ. ಹಾಗಾಗಿ ಹಳೆಯ ಜಾಕೆಟ್ ಬಿಚ್ಚಿ ಹೊಸದು ಹೊಲಿದರೆ ಹಳೆಯ ಹೊಲಿಗೆಯ ಜಾಗದಲ್ಲಿ ಕಡುನೀಲಿ ಗೆರೆ ಉಳಿಯುತ್ತದೆ. ಅದನ್ನು ಮುಚ್ಚಲು ಹೋಗಬೇಡಿ. ಗೆರೆ ಎಲ್ಲಿ ಬಂದರೆ ಚೆನ್ನ ಅಂತ ಮೊದಲೇ ನೋಡಿ ಕತ್ತರಿಸಿ. ದುಡ್ಡು ಕೊಟ್ಟರೂ ಅಂಥ ಡಿಸೈನ್ ಸಿಗುವುದಿಲ್ಲ.

ಆ ಜಾಕೆಟ್ ಅಣ್ಣನ ಮಗಳಿಗೆ ಸ್ಕರ್ಟ್ ಆಯಿತು. ಆಗ ಅವಳಿಗೆ 7 ವರ್ಷ. ಜೀನ್ಸ್ ಜಾಕೆಟ್ ಎದೆಯಲ್ಲಿ ಅಗಲ, ಕೆಳಗೆ ಪಟ್ಟಿಯ ಹತ್ತಿರ ಸಣ್ಣ ಇರುತ್ತದೆ. ತಲೆಕೆಳಗೆ ಹಿಡಿದರೆ? ಮೇಲೆ ಸಣ್ಣ, ಕೆಳಗೆ ಅಗಲ. ಸ್ಕರ್ಟಿಗೆ ಬೇಕಾದದ್ದು ಅದೇ ಆಕಾರ. ಜಾಕೆಟಿನ ಕೆಳಪಟ್ಟಿ ಸ್ಕರ್ಟಿನ ಸೊಂಟದ ಪಟ್ಟಿಯಾಗುತ್ತದೆ. ಮುಂದಿನ ಗುಂಡಿ ಸಾಲು ಹಾಗೇ ಸ್ಕರ್ಟಿನ ಮುಂದೆ ಬರುತ್ತದೆ. ಕಾಜಾ ಹಾಕುವ ಕೆಲಸವಿಲ್ಲ, ಗುಂಡಿ ಒತ್ತುವ ಕೆಲಸವಿಲ್ಲ. ಹೀಗೆ ಚೆನ್ನಾಗಿ ಆಗಿರುವ ಭಾಗಗಳನ್ನು ಉಳಿಸಿಕೊಂಡು ಉಳಿದದ್ದನ್ನು ಯೋಚಿಸಬೇಕು. ಹಾಗಾಗಿ ಗುಂಡಿ ಸಾಲನ್ನು ಮಾತ್ರ ನಾನು ಬಿಚ್ಚಿರಲಿಲ್ಲ.

ಅಳತೆ ಹೇಳುತ್ತೇನೆ. ಜಾಕೆಟಿನ ಕೆಳಪಟ್ಟಿ ಸುತ್ತಳತೆ 38 ಇಂಚು. ಮಗುವಿನ ಸೊಂಟ 22. ಅಂದರೆ 16 ಇಂಚು ತೆಗೆಯಬೇಕು. ಎರಡು ಪಕ್ಕದ ಜೋಡಣೆಯಲ್ಲಿ ಮುಂದಿನ ತುಂಡಿಗೆ 4, ಹಿಂದಿನ ತುಂಡಿಗೆ 4 ಇಂಚು ತೆಗೆದೆ. ಸೊಂಟದ ಹತ್ತಿರ 4 ಇಂಚು, ಕೆಳಗೆ ಬರುತ್ತಾ ಏನೂ ಇಲ್ಲ, ಹೀಗೆ ಓರೆಯಾಗಿ. ಕಂಕುಳಿನ ಕೆಳಗಿಂದ ಕತ್ತರಿಸಿದ್ದಕ್ಕೆ ಉದ್ದ 14 ಇಂಚು ಸಿಕ್ಕಿತು. ಓರೆಯಾಗಿ ತೆಗೆದರೆ ಪಕ್ಕದಲ್ಲಿ ಅಂಚು ಸ್ವಲ್ಪ ಜೋತು ಬೀಳುತ್ತದೆ. ಒಂದು ರಾತ್ರಿ ನೇತುಹಾಕಿ, ಬೆಳಿಗ್ಗೆ ಅಂಚನ್ನು ದುಂಡಗೆ ಸವರಿದರೆ ಸರಿ.

ತೊಂದರೆ ಬಂದದ್ದು ಜೇಬಿನಲ್ಲಿ. ತಲೆಕೆಳಗಾದ ಜಾಕೆಟಿನಲ್ಲಿ ಪಕ್ಕದ ಜೇಬಿನ ಬಾಯಿಯೂ ತಲೆಕೆಳಗು. ಕೈ ಹಾಕಲು ಬರುತ್ತದೆ, ಹಾಕಿದ್ದು ನಿಲ್ಲುವುದಿಲ್ಲ. "ಅತ್ತೀ, ಚಾಕಲೇಟ್ ಬಿದ್ದೋಯ್ತು" ಅಂತ ಮೊದಲ ಸಲ ಹಾಕಿ ನೋಡಿದಾಗಲೇ ಮಗು ಬಂದು ಹೇಳಿತು. ಆ ಬಾಯಿಗಳನ್ನು ಹೊಲಿದು ಮುಚ್ಚಿದೆ. ತೋಳಿನ ಬಟ್ಟೆಯಲ್ಲಿ ಎರಡು ಹೊಸ ಜೇಬು ಮಾಡಿ ಅವುಗಳ ಮೇಲೇ ಕೂರಿಸಿದೆ. ಐದು ಮೂಲೆ, ಎರಡು ಸಾಲು ಹೊಲಿಗೆ. ಅದನ್ನು ಹೊಲಿಯುವಾಗ ನನ್ನ ಕೈ ನಡುಗಲಿಲ್ಲ. ಸಾವಿರಾರು ಜೇಬು ಹೊಲಿದಿದ್ದೇನೆ, ಆದರೆ ಅದನ್ನು ಹಾಕಿಕೊಳ್ಳುವವರ ಮುಖ ನೋಡಿ ಹೊಲಿದದ್ದು ಅದೇ ಮೊದಲು.

ಮನೆಯ ಮಿಷನ್‌ನಲ್ಲಿ ಜೀನ್ಸ್ ಹೊಲಿಯಲು ಆಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಆಗುತ್ತದೆ. ಕಾಲಲ್ಲಿ ತುಳಿಯುವ ಕಪ್ಪು ಮಿಷನ್ ಗಟ್ಟಿ. 16 ನಂಬರ್ ಸೂಜಿ ಹಾಕಿ. ತುಂಬಾ ದಪ್ಪ ಇದ್ದರೆ 18. ಮೇಲಿನ ದಾರ ದಪ್ಪ ಇರಲಿ, ಬಾಬಿನ್‌ಗೆ ಸಾದಾ ದಾರ ಸಾಕು. ಹೊಲಿಗೆ ಉದ್ದ ಮಾಡಿಕೊಳ್ಳಿ, ಇಂಚಿಗೆ 7 ಬಂದರೆ ಚೆನ್ನ. ನಾಲ್ಕೈದು ಪದರ ಸೇರುವ ಕಡೆ ಸೂಜಿ ಮುರಿಯುತ್ತದೆ. ಅಲ್ಲಿ ನಾನು ಮೊದಲು ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತೇನೆ. ನೂಲು ಚಪ್ಪಟೆಯಾಗಿ ದಪ್ಪ ಇಳಿಯುತ್ತದೆ. ಆಮೇಲೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ ಪಾದದ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಮಡಚಿದ ಬಟ್ಟೆ ಇಡುತ್ತೇನೆ. ಪಾದ ಮಟ್ಟವಾಗಿ ನಿಂತರೆ ಹೊಲಿಗೆ ತಪ್ಪುವುದಿಲ್ಲ. ಅಲ್ಲಿ ಮಾತ್ರ ತುಳಿಯಬೇಡಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ.

ಎಲ್ಲ ಜಾಕೆಟ್ಟೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಪಕ್ಕದ ಮನೆಯ ಅಕ್ಕ ಒಂದು ರೆಕ್ಸಿನ್ ಜಾಕೆಟ್ ತಂದುಕೊಟ್ಟಳು, ಮಗನಿಗೆ ತೋಳಿಲ್ಲದ ಕೋಟು ಮಾಡಿಕೊಡು ಅಂತ. ಜೀನ್ಸ್ ಬಿಚ್ಚಿದ ಹಾಗೇ ಬಿಚ್ಚಿದೆ. ರೆಕ್ಸಿನ್‌ನಲ್ಲಿ ಸೂಜಿ ಹೋದ ತೂತು ಮುಚ್ಚುವುದಿಲ್ಲ. ಹಳೆಯ ಹೊಲಿಗೆಯ ಉದ್ದಕ್ಕೂ ತೂತಿನ ಸಾಲು ಉಳಿಯಿತು. ಹೊಸ ಹೊಲಿಗೆ ಅದರ ಪಕ್ಕದಲ್ಲೇ ಬಿದ್ದು, ಬಟ್ಟೆ ಅಂಚೆ ಚೀಟಿಯ ಹಾಗೆ ಹರಿದು ಬಂತು. ಅಕ್ಕ ಒಂದು ಮಾತೂ ಅನ್ನಲಿಲ್ಲ. ನನಗೆ ಎರಡು ದಿನ ಊಟ ರುಚಿಸಲಿಲ್ಲ. ಈಗ ರೆಕ್ಸಿನ್, ಚರ್ಮ ಯಾವುದೇ ಬಂದರೂ ಹಳೆಯ ಹೊಲಿಗೆಯನ್ನು ಬಿಚ್ಚದೆ ಅದರ ಒಳಗಡೆಯಿಂದ ಕತ್ತರಿಸುತ್ತೇನೆ. ಗುಂಡುಪಿನ್ ಚುಚ್ಚುವುದಿಲ್ಲ, ಬಟ್ಟೆಯ ಕ್ಲಿಪ್ ಹಾಕುತ್ತೇನೆ. ನೈಲಾನ್ ಆದರೆ ಇಸ್ತ್ರಿಯನ್ನು ಹತ್ತಿರ ತರುವುದಿಲ್ಲ.

ಇನ್ನು ಅಪ್ಪನ ಕೋಟು.

1978ರಲ್ಲಿ ಮದುವೆಗೆ ಹೊಲಿಸಿದ್ದು. ಬೂದು ಬಣ್ಣ. ಅಪ್ಪ ಹೋದ ಮೇಲೆ ಅವ್ವ ಅದನ್ನು ಬೇವಿನ ಎಲೆ, ನುಸಿ ಗುಳಿಗೆ ಹಾಕಿ ಇಟ್ಟಿದ್ದಳು. ಆದರೂ ಒಂದು ತೋಳಿಗೆ ನುಸಿ ಬಿದ್ದಿತ್ತು. ಹೊರಗಿನ ಬಟ್ಟೆ ಮಾಸಿತ್ತು. ಅವ್ವನೇ ಒಂದು ದಿನ ತಂದು ಮಿಷನ್ ಮೇಲೆ ಇಟ್ಟಳು. "ನನಗ ಏನರ ಮಾಡಿಕೊಡು. ಬೆಳಿಗ್ಗೆ ಅಂಗಳ ಗುಡಿಸಾಕ ಚಳಿ ಆಗತೈತಿ" ಅಂದಳು.

ನನಗೆ ಧೈರ್ಯ ಸಾಲಲಿಲ್ಲ. ಕೌಲ್ ಬಜಾರಿನ ಒಬ್ಬ ಹಳೆಯ ಟೈಲರ್ ಮಾಸ್ಟರ್ ಹತ್ತಿರ ಒಯ್ದೆ. ಅವರು ಮೊದಲು ಒಳಗಿನ ಮಡಿಕೆಯಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರು. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. "ಉಲ್ಲನ್ ಇದು. ಟೆರಿಲಿನ್ ಆಗಿದ್ದರೆ ಕರಗಿ ಗಟ್ಟಿ ಮಣಿ ಆಗ್ತಿತ್ತು" ಅಂದರು. ಆಮೇಲೆ ಕೋಟಿನ ಒಳಬದಿ ತೋರಿಸಿದರು. ಅಲ್ಲಿ ಬಣ್ಣ ಮಾಸಿರಲಿಲ್ಲ. "ನೋಡಮ್ಮಾ, ಹಿಂದೆ ಕೋಟು ಮಾಸಿದರೆ ಎಸೀತಿರಲಿಲ್ಲ. ಪೂರ್ತಿ ಬಿಚ್ಚಿ, ಒಳಮುಖ ಹೊರಗೆ ಮಾಡಿ ಹೊಲೀತಿದ್ವಿ. ಎದೆ ಜೇಬು ಬಲಕ್ಕೆ ಇದ್ದರೆ ಮಗುಚಿದ ಕೋಟು ಅಂತ ಗೊತ್ತಾಗ್ತಿತ್ತು."

ಮನೆಗೆ ಬಂದು ಬಿಚ್ಚಿದೆ. ಎದೆಯ ಒಳಗೆ ಕುದುರೆ ಕೂದಲು ಸೇರಿಸಿ ನೇಯ್ದ ಒರಟು ಕ್ಯಾನ್ವಾಸ್ ಇತ್ತು. ಅದನ್ನು ಕಾಲರ್ ಮಡಿಕೆಗೆ ಕೈಯಲ್ಲಿ ಹೊಲಿದಿದ್ದರು. ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಓರೆ ಹೊಲಿಗೆ. ಹೊರಗಿನಿಂದ ಒಂದೂ ಕಾಣುವುದಿಲ್ಲ. ಯಾರು ಹೊಲಿದರೋ ಏನೋ. 40 ವರ್ಷ ದಾಟಿದರೂ ಒಂದು ಹೊಲಿಗೆ ಸಡಿಲವಾಗಿರಲಿಲ್ಲ. ಬಿಚ್ಚಲು ನನಗೆ ಮನಸ್ಸೇ ಬರಲಿಲ್ಲ, ಅದಕ್ಕೇ ಒಂದು ವಾರ ತೆಗೆದುಕೊಂಡೆ.

ತುಂಡುಗಳನ್ನು ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆದೆ. ಉಲ್ಲನ್ನನ್ನು ಬಿಸಿನೀರಿಗೆ ಹಾಕಿ ಉಜ್ಜಿದರೆ ಕುಗ್ಗಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿದೆ. ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ. ಆಮೇಲೆ ಮಗುಚಿದೆ. ಆಗ ಒಂದು ವಿಷಯ ಗೊತ್ತಾಗಿ ತುಂಬಾ ಖುಷಿಯಾಯಿತು. ಗಂಡಸರ ಕೋಟಿನಲ್ಲಿ ಕಾಜಾ ಎಡಗಡೆ ಇರುತ್ತದೆ. ಮಗುಚಿದರೆ ಎಡದ ತುಂಡು ಬಲಕ್ಕೆ ಬರುತ್ತದೆ. ಕಾಜಾ ಬಲಗಡೆ ಇರುವುದು ಹೆಂಗಸರ ಬಟ್ಟೆಯಲ್ಲಿ. ಅಪ್ಪನ ಕೋಟು ತಾನಾಗಿಯೇ ಅವ್ವನ ಕೋಟಾಯಿತು.

ತೋಳು ತೆಗೆದು, ಕಾಲರ್ ತೆಗೆದು, ಕುತ್ತಿಗೆಯನ್ನು ವಿ ಆಕಾರಕ್ಕೆ ಕತ್ತರಿಸಿದೆ. ಒರಟು ಕ್ಯಾನ್ವಾಸ್ ಅವ್ವನಿಗೆ ಚುಚ್ಚುತ್ತದೆ ಅಂತ ತೆಗೆದುಬಿಟ್ಟೆ. ಗುಂಡಿ ಸಾಲಿನ ಕೆಳಗೆ ಮಾತ್ರ ಒಂದು ಪಟ್ಟಿ ಉಳಿಸಿದೆ. ಕಾಜಾದ ಹಿಂಬದಿ ಈಗ ಮುಂದೆ ಬಂದಿತ್ತು. ಅದರ ಮೇಲೆ ಕೈಯಲ್ಲಿ ಮತ್ತೊಮ್ಮೆ ದಾರ ಸುತ್ತಿದೆ. ಎದೆ ಜೇಬಿನ ಸೀಳಿಗೆ ಹೊಸ ಪಟ್ಟಿ ಕೂರಿಸಿದೆ. ಅದು ಮಾಸ್ಟರ್ ಹೇಳಿದ ಹಾಗೇ ಬಲಕ್ಕೆ ಬಂತು. ಒಳಗೆ ಅವ್ವನ ಸವೆದ ಇಳಕಲ್ ಸೀರೆಯ ಗಟ್ಟಿ ಭಾಗದ ಅಸ್ತರ್. ಅಪ್ಪ ಚಿಲ್ಲರೆ ಇಡುತ್ತಿದ್ದ ಒಳಜೇಬನ್ನು ಬಿಚ್ಚದೆ ತೆಗೆದು ಅದೇ ಅಸ್ತರ್ ಮೇಲೆ ಹೊಲಿದೆ. ಅವ್ವ ಅದರಲ್ಲಿ ಅಡಿಕೆ ಎಲೆ ಚೀಲ ಇಟ್ಟುಕೊಳ್ಳುತ್ತಾಳೆ.

ಉಳಿದ ಚೂರುಗಳನ್ನೂ ಎಸೆಯುವುದಿಲ್ಲ. ಹಳೆಯ ಅಸ್ತರ್‌ಗಳು ಅವ್ವನ ಕೌದಿಗೆ ಹೋಗುತ್ತವೆ. ಜೀನ್ಸ್ ಚೂರನ್ನು ಕೌದಿಗೆ ಸೇರಿಸಬೇಡಿ, ಕೈಸೂಜಿ ಇಳಿಯದೆ ಬೆರಳು ನೋಯುತ್ತದೆ. ಅದನ್ನು ಎರಡು ಪದರ ಮಾಡಿ ಹೊಲಿದರೆ ಒಳ್ಳೆ ಮಸಿಅರಿವೆ ಆಗುತ್ತದೆ, ಬಿಸಿ ಪಾತ್ರೆ ಹಿಡಿದರೆ ಕೈ ಸುಡುವುದಿಲ್ಲ. ಜಿಪ್, ಗುಂಡಿಗಳಿಗೆ ಒಂದು ಡಬ್ಬಿ ಇದೆ.

ಈಗ ಗಂಟುಗಳು ಮತ್ತೆ ಬರುತ್ತಿವೆ. ಹಗಲು ಜೇಬು ಹೊಲಿಯುತ್ತೇನೆ, ಸಂಜೆ ನನ್ನ ಜಾಕೆಟ್ ಕೆಲಸ. ಮೇಜಿನ ಮೇಲೆ ಒಂದು ಸ್ಕೂಲ್ ಬ್ಲೇಜರ್ ಇದೆ. ಎಡ ತೋಳು ಬಿಚ್ಚಿ ಆಗಿದೆ. ಇದರ ಕ್ಯಾನ್ವಾಸ್ ಹೊಲಿದದ್ದಲ್ಲ, ಬಿಸಿ ಮಾಡಿ ಅಂಟಿಸಿದ್ದು. ಬಿಸಿ ಇಸ್ತ್ರಿ ಇಟ್ಟು ಒಂದು ಮೂಲೆ ಎಳೆದು ನೋಡಿದೆ. ಮೆಲ್ಲಗೆ ಬಿಡುತ್ತಿದೆ. ನಾಳೆ ಉಳಿದ ತೋಳು ಬಿಚ್ಚಬೇಕು.