ಹಳೆ ಪೆಟ್ಟಿನ ನೋವಿಗೆ ಡೈರಿ ಬರೆಯುವುದು ಹೇಗೆ?

ಬೈಕಿನಿಂದ ಬಿದ್ದು ಮುರಿದ ಎಲುಬು ಕೂಡಿದೆ, ಎಕ್ಸ್‌ರೇ ಚೆನ್ನಾಗಿದೆ, ನೋವು ಮಾತ್ರ ಹೋಗಿಲ್ಲ. ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥವರು ಡಾಕ್ಟರ ಮುಂದೆ ಕೂತು ‘ಭಾಳ ನೋಯ್ತೈತ್ರಿ’ ಎಂದಷ್ಟೇ ಹೇಳಿ ಬರುವುದನ್ನು ತುಂಬಾ ನೋಡಿದ್ದೇನೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೋಗಿ, ಗದಗಿನ ಜಿಮ್ಸ್‌ಗೆ ಹೋಗಿ, ಎರಡು ವಾರದ ಡೈರಿ ಜೊತೆಗಿರಲಿ.

ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಆ್ಯಪ್ ಬೇಡ. ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಮಾತ್ರ ಬರೆಯಿರಿ. ತಾಸಿಗೊಮ್ಮೆ ಬರೆದರೆ ಮನಸ್ಸು ನೋವಿನ ಮೇಲೇ ಕೂರುತ್ತದೆ.

ನೋವಿಗೆ 0ರಿಂದ 10ರೊಳಗೆ ಅಂಕ ಕೊಡಿ. ಮೊದಲ ಪುಟದಲ್ಲೇ ನಿಮ್ಮ ಅಳತೆ ಬರೆದಿಡಿ: ಕೆಲಸದಲ್ಲಿ ಮರೆತುಹೋಗುವ ನೋವು 3, ಕೆಲಸ ನಿಲ್ಲಿಸುವುದು 5, ನಿದ್ದೆಗೆಡಿಸುವುದು 8. ಮುಂದೆ ಅಂಕ ಸುಮಾರು 2 ಇಳಿದರೂ ಅದು ನಿಜವಾದ ಸುಧಾರಣೆ ಎಂದು ಸಂಶೋಧಕರು ಲೆಕ್ಕ ಹಿಡಿಯುತ್ತಾರೆ.

ಎಲ್ಲರೂ ಎಡವುವುದು ಮುಂದಿನದರಲ್ಲಿ. ನೋವು ಎಷ್ಟು ಎಂದು ಬರೆಯುತ್ತಾರೆ, ಎಂಥದು ಎಂದು ಬರೆಯುವುದಿಲ್ಲ. ಉರಿಯೋ, ಸೆಳೆತವೋ, ಚುಚ್ಚುವುದೋ, ಕರೆಂಟ್ ಹೊಡೆದಂತೆಯೋ, ಜೋಮು ಹಿಡಿಯುವುದೋ? ಬಟ್ಟೆ ತಾಗಿದರೂ ನೋಯುತ್ತದೆಯೇ? 1975ರಲ್ಲಿ ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಝ್ಯಾಕ್ ಇಂಥ 78 ಪದ ಕೂಡಿಸಿ ಪ್ರಶ್ನಾವಳಿಯನ್ನೇ ಮಾಡಿದರು. ಉರಿ, ಕರೆಂಟು, ಜೋಮು ಇದ್ದರೆ ನರಕ್ಕೆ ಪೆಟ್ಟಾಗಿರಬಹುದು. ಅದಕ್ಕೆ ಕೊಡುವ ಔಷಧಿಯೇ ಬೇರೆ. ಗಾಯ ಮಾಗಿದ ಮೇಲೂ ಬೆನ್ನುಹುರಿಯ ನರಗಳು ಅತಿ ಸೂಕ್ಷ್ಮವಾಗಿಯೇ ಉಳಿಯಬಹುದು. ಆಗ ಸಣ್ಣ ಸ್ಪರ್ಶವೂ ನೋವಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಮನೆಯವರು ‘ಸುಮ್ನೆ ನಾಟಕ’ ಎನ್ನಬಾರದು, ಅದು ನಿಜವಾದ ನೋವೇ. ನಿಮ್ಮ ಮಾತಲ್ಲೇ ಬರೆಯಿರಿ, ಪುಸ್ತಕದ ಪದ ಬೇಕಿಲ್ಲ.

ಏನು ಮಾಡಲಾಯಿತು, ಏನು ಆಗಲಿಲ್ಲ ಎಂಬುದಕ್ಕೂ ಒಂದು ಸಾಲು ಇರಲಿ. ರೊಟ್ಟಿ ಬಡಿಯಲು ಆಯಿತೇ? ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡದ ತನಕ ನಿಂತು ಹೋದಿರಾ?

ನುಂಗಿದ ಮಾತ್ರೆಯ ಹೆಸರನ್ನು ಅದರ ಸ್ಟ್ರಿಪ್ ನೋಡಿಯೇ ಬರೆಯಿರಿ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೂಡ ಲೆಕ್ಕಕ್ಕೆ ಬರಬೇಕು. ಅದನ್ನು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೆಡುಕು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಯನ್ನಂತೂ ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಸಿಕ್ಕಿದ್ದುಂಟು.

ಡಾಕ್ಟರಿಗೆ ಇಡೀ ಪುಸ್ತಕ ಕೊಡಬೇಡಿ. ಒಂದು ಪುಟದಲ್ಲಿ ಸಾರ ಬರೆದು ಕೊಡಿ: ಜಾಸ್ತಿ ಇದ್ದ ದಿನ, ಕಡಿಮೆ ಇದ್ದ ದಿನ, ನೋವಿನ ಬಗೆ, ಮಾತ್ರೆ.

ಕೈಕಾಲಿನಲ್ಲಿ ಹೊಸದಾಗಿ ಶಕ್ತಿ ಕಮ್ಮಿಯಾದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಡೈರಿ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.