ಚಿನ್ನಿ ಹೊರಳಾಡುವ ಹುಲ್ಲಿಗೆ ವಿಷ ಬೇಡ

ಮೈಸೂರಿನ ನಮ್ಮ ಮನೆಯ ಮುಂದೆ 400 ಚದರ ಅಡಿಯಷ್ಟು ಗರಿಕೆಯ ಹುಲ್ಲುಹಾಸಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ನಮ್ಮ ನಾಯಿ ಚಿನ್ನಿ ಓಡಿಹೋಗಿ ಅಲ್ಲಿ ಬೆನ್ನು ಉಜ್ಜಿಕೊಳ್ಳುತ್ತಾಳೆ. ಆಮೇಲೆ ಕುಳಿತು ಒಂದೊಂದೇ ಕಾಲಿನ ಬೆರಳುಸಂದಿ ನೆಕ್ಕುತ್ತಾಳೆ. ಹುಲ್ಲಿಗೆ ಹಾಕಿದ್ದೆಲ್ಲ ಅವಳ ಹೊಟ್ಟೆಗೆ ಸೇರುವುದು ಹೀಗೆ.

ಮೊದಲು ಹಿಂಡಿಯ ಮಾತು. ರಾಸಾಯನಿಕ ಗೊಬ್ಬರ ಬಿಟ್ಟ ವರ್ಷ, ಸಾವಯವವಲ್ಲವೇ ಎಂಬ ಧೈರ್ಯದಲ್ಲಿ ಹರಳು (ಔಡಲ) ಹಿಂಡಿ ತಂದೆ. ಚಿನ್ನಿ ಚೀಲದ ಮೂಲೆ ಹರಿದು ತಿಂದಳು. ಸಂಜೆಗೆ ವಾಂತಿ, ರಾತ್ರಿ ರಕ್ತಭೇದಿ, ಮೂರು ದಿನ ಡ್ರಿಪ್. ಹರಳು ಬೀಜದಲ್ಲಿ ರೈಸಿನ್ ಎಂಬ ವಿಷವಿದೆ; ಚೆನ್ನಾಗಿ ಬಿಸಿಮಾಡದ ಹಿಂಡಿಯಲ್ಲಿ ಅದು ಉಳಿದಿರುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ನಾಯಿಗಳಿಗೆ ಆ ಹಿಂಡಿಯ ರುಚಿ ಹಿಡಿಸುತ್ತದೆ ಎಂಬುದೇ ದೊಡ್ಡ ಅಪಾಯ. ನಾಯಿಯಿರುವ ಮನೆಗೆ ಹರಳು ಹಿಂಡಿ ತರಲೇಬೇಡಿ. ಮೂಳೆಪುಡಿಯೂ ಬೇಡ, ವಾಸನೆಗೆ ನೆಲ ಕೆದಕಿ ತಿನ್ನುತ್ತವೆ.

ನಾನೀಗ ಹಾಕುವುದು ಜರಡಿ ಹಿಡಿದ ಎರೆಗೊಬ್ಬರ. ಜೂನ್ ಮಳೆ ಹಿಡಿದ ಮೇಲೆ, ಹುಲ್ಲಿನ ತುದಿ ಕಾಣುವಷ್ಟು ತೆಳುವಾಗಿ ಹರಡಿ ಪೊರಕೆಯಿಂದ ಸವರಿ ಬುಡಕ್ಕೆ ಇಳಿಸುತ್ತೇನೆ. ಗೊಣ್ಣೆಹುಳು ಕಂಡ ವರ್ಷ ನಾಲ್ಕು ಕಿಲೋ ಬೇವಿನ ಹಿಂಡಿಯನ್ನು ಪುಡಿಮಾಡಿ ಎರಚಿ, ನೀರು ಹಾಯಿಸಿ, ಎರಡು ದಿನ ಚಿನ್ನಿಯನ್ನು ಹಿತ್ತಲಲ್ಲೇ ಬಿಡುತ್ತೇನೆ. ಹುಲ್ಲು ಹಿಡಿದೆಳೆದರೆ ಚಾಪೆಯಂತೆ ಎದ್ದುಬಂದರೆ ಬೇರನ್ನು ಗೊಣ್ಣೆಹುಳು ತಿಂದಿದೆ ಎಂದೇ ಅರ್ಥ. ಆಗ ಮಾಲಿ ಸಣ್ಣ ಕಾಳಿನಂಥ ಪುಡಿಯೊಂದನ್ನು ತರುತ್ತೇನೆಂದರೆ ಒಪ್ಪಬೇಡಿ, ಹೆಸರು ಕೇಳಿ. ಫೋರೇಟ್ ಎಂಬ ಕೀಟನಾಶಕ ಆಗಿದ್ದರೆ, 2020ರ ಕೊನೆಯಿಂದ ನಮ್ಮ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಅದು ನರಗಳ ಮೇಲೆ ಎರಗುವ ವಿಷ: ಜೊಲ್ಲು, ನಡುಕ, ಸೆಳೆತ.

ಕಳೆಯಲ್ಲಿ ನಮ್ಮನ್ನು ಸೋಲಿಸುವುದು ಕೊನ್ನಾರಿಗಡ್ಡೆ. ಎಲೆ ಕಿತ್ತರೆ ಪ್ರಯೋಜನವಿಲ್ಲ, ನೆಲದೊಳಗೆ ಗಡ್ಡೆ ಇನ್ನೊಂದು ಗಡ್ಡೆಗೆ ದಾರ ಕಟ್ಟಿದಂತೆ ಇರುತ್ತದೆ. ಮಳೆಯ ಮರುದಿನ ಮಣ್ಣು ಮೆತ್ತಗಿರುವಾಗ ಹಳೆಯ ಸ್ಕ್ರೂಡ್ರೈವರ್ ಚುಚ್ಚಿ, ಸುತ್ತಲೂ ಸಡಿಲಿಸಿ, ಕಪ್ಪು ಗಡ್ಡೆ ಕೈಗೆ ಬರುವವರೆಗೆ ಎಳೆಯುತ್ತೇನೆ. ಹದಿನೈದು ದಿನಕ್ಕೊಮ್ಮೆ ಮತ್ತೆ ಅಲ್ಲಿಗೇ ಬರಬೇಕು. ಕಲ್ಲುಹಾಸಿನ ಸಂದಿಯ ಕಳೆಗೆ ಕುದಿಯುವ ನೀರು ಸಾಕು, ಆಗ ನಾಯಿ ಒಳಗಿರಲಿ.

ಹುಲ್ಲನ್ನು ಒಮ್ಮೆಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಬೋಳಾದ ಕಡೆ ಬಿಸಿಲು ಬಿದ್ದು ಕಳೆಯ ಬೀಜ ಮೊಳೆಯುತ್ತದೆ. ನೀರು ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ನೆನೆಯುವಷ್ಟು ಹಾಯಿಸಿ. ಬೇಲಿಯಂಚಿನಲ್ಲಿ ಹುಲ್ಲು ಉದ್ದ ಬೆಳೆಯಲು ಬಿಡಬೇಡಿ, ರಕ್ತ ಹೀರುವ ಉಣ್ಣಿಗಳು ಕಾದು ಕೂರುವುದು ಅಲ್ಲಿ.

ಉಚ್ಚೆಯ ಹಳದಿ ಕಲೆಗಳು ನಾಯಿ ಸಾಕಿದವರಿಗೆಲ್ಲ ಗೊತ್ತು. ಅದು ಸಾರಜನಕ ಅತಿಯಾಗಿ ಹುಲ್ಲು ಸುಟ್ಟದ್ದು. ಗೇಟಿನ ಪಕ್ಕ ಒಂದು ಬಕೆಟ್ ನೀರು, ಒಂದು ಚೊಂಬು ಇಟ್ಟಿದ್ದೇನೆ. ಅವಳು ಎದ್ದು ಹೋದ ಕೂಡಲೇ ಎರಡು ಚೊಂಬು ಸುರಿಯುತ್ತೇನೆ. ತಪ್ಪಿದ ಕಡೆ ಒಣಗಿದ್ದನ್ನು ಬಾಚಿ ತೆಗೆದು ಒಂದು ಹಿಡಿ ಎರೆಗೊಬ್ಬರ ಹಾಕಿದರೆ, ಗರಿಕೆ ಪಕ್ಕದಿಂದ ಹಬ್ಬಿ ಮುಚ್ಚಿಕೊಳ್ಳುತ್ತದೆ.